ಒಂದೇ ಮನೆಯ ಬೀಜ

“ಸೀತಾ, ಆ ಮಗೀನ ಹಿಂದಿನ ಕೋಣೇಲಿ ಕೂಡಿ ಚಿಲಕ ಹಾಕು. ಒಳ್ಳೆ ಕಾರ್ಯ ನಡೆಯೋ ಹೊತ್ತಲ್ಲಿ ಅದರ ಮುಖ ಯಾರ ಕಣ್ಣಿಗೂ ಬೀಳಬಾರ್ದು!”

ಲಿಂಗಮ್ಮ ವೀಳ್ಯದೆಲೆಗಳನ್ನು ಒಂದೊಂದಾಗಿ ಒರೆಸಿ ತಟ್ಟೆಗೆ ಜೋಡಿಸುತ್ತಾ ಸೊಸೆಗೆ ಹೀಗೆ ಅಪ್ಪಣೆ ಮಾಡಿದಳು. ಸೀತಾ ಒಲೆಯ ಮುಂದೆ ಪಾಯಸ ತಿರುವುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು, ಮತ್ತೆ ತಿರುವಿತು. ಒಳ್ಳೆ ಕಾರ್ಯವೆಂದರೆ ಯಾರದು? ಅವಳ ಗಂಡನ ಮದುವೆಯ ವೀಳ್ಯ! ಹುಡುಗಿ ಯಾರು? ಅವಳ ಒಡಹುಟ್ಟಿದ ತಂಗಿ ಪಂಕಜಾ! ತನ್ನ ಕೊರಳಿಗೆ ಬೀಳುವ ಹಗ್ಗವನ್ನು ತಾನೇ ಹೊಸೆಯುವ ಭಾಗ್ಯ ಎಷ್ಟು ಜನ ಹೆಂಗಸರಿಗೆ ಬರುತ್ತದೋ ದೇವರೇ ಬಲ್ಲ. ಸೀತಾಳಿಗಂತೂ ಬಂದಿತ್ತು. ಅತ್ತು ಅತ್ತು ಅವಳ ಕಣ್ಣೀರು ಮೊದಲೇ ಬತ್ತಿಹೋಗಿತ್ತು. ಈಗ ಅವಳಿಗೆ ಇದ್ದದ್ದು ಆಯಾಸ ಒಂದೇ. ಒಂದು ಮೂಲೆ ಸಿಕ್ಕಿದರೆ ತಲೆಯಿಟ್ಟು ಮಲಗಿಬಿಡೋಣ ಎನ್ನುವಂಥ ಆಯಾಸ.

ಅದು ಐವತ್ತನಾಲ್ಕನೆಯ ಇಸವಿ. ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದು ಎಂಬ ಕಾನೂನು ಬರುತ್ತದಂತೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಅದು ಬರುವುದರೊಳಗೆ ಮಗನ ಎರಡನೇ ಮದುವೆ ಮುಗಿಸಿಬಿಡಬೇಕೆಂದು ಲಿಂಗಮ್ಮನಿಗೆ ಆತುರ. ಓದು ಬಾರದಿದ್ದರೂ ಸರ್ಕಾರದ ಸಂಗತಿಯನ್ನು ಅವಳು ಚೆನ್ನಾಗಿಯೇ ತಿಳಿದುಕೊಂಡಿದ್ದಳು. ಕೆಂಗೇರಿಯ ಹೊಲಮನೆಯಲ್ಲಿ ಬಾಳಿದವಳು, ಗಂಡ ತೀರಿಕೊಂಡ ಮೇಲೆ ರಾಜಾಜಿನಗರದ ಮಗನ ಹೊಸ ಮನೆಗೆ ಬಂದಿದ್ದಳು. ಆ ಬಡಾವಣೆಯಲ್ಲಿ ಆಗ ಮನೆಗಿಂತ ರಾಗಿ ಹೊಲವೇ ಹೆಚ್ಚು. ನಲ್ಲಿಯಲ್ಲಿ ನೀರು ಬರುತ್ತಿತ್ತು, ರಸ್ತೆಗೆ ದೀಪ ಬಂದಿತ್ತು, ಆದರೆ ಮನೆಯೊಳಗೆ ನಡೆಯುತ್ತಿದ್ದದ್ದು ಮಾತ್ರ ಕೆಂಗೇರಿಯ ಕಾನೂನು.

ಈ ಮನೆಯ ಸಂಬಂಧಗಳ ಎಳೆ ಬಿಡಿಸಲು ಹೊರಟರೆ ಹೊರಗಿನವರಿಗೆ ತಲೆ ತಿರುಗುತ್ತದೆ. ಲಿಂಗಮ್ಮನಿಗೆ ಆಗ ಇದ್ದದ್ದು ಇಬ್ಬರು ಮಕ್ಕಳು, ದೊಡ್ಡವಳು ಮುನಿತಾಯಮ್ಮ, ಚಿಕ್ಕವನು ಉಗ್ರಪ್ಪ. ಮುನಿತಾಯಮ್ಮನನ್ನು ನಾಗರಬಾವಿಯ ಕೆಂಚಪ್ಪನಿಗೆ ಕೊಟ್ಟಿತ್ತು. ಅವರ ದೊಡ್ಡ ಮಗಳೇ ಸೀತಾ. ಅವಳು ತೊಟ್ಟಿಲಲ್ಲಿದ್ದಾಗಲೇ ‘ಇವಳು ನಮ್ಮ ಉಗ್ರನಿಗೆ’ ಎಂದು ಮಾತಾಗಿತ್ತು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಅವರಲ್ಲಿ ಹಕ್ಕು, ಬೇರೆ ಕಡೆ ಕೊಟ್ಟರೆ ಜಗಳ. ಹೀಗಾಗಿ ಸೀತಾಳಿಗೆ ಲಿಂಗಮ್ಮ ಅತ್ತೆಯಾಗುವ ಮೊದಲು ಅಜ್ಜಿ, ಉಗ್ರಪ್ಪ ಗಂಡನಾಗುವ ಮೊದಲು ಸೋದರಮಾವ. ಮದುವೆಯ ದಿನ ‘ಮನೆ ಮಗಳು ಮನೆಗೇ ಬಂದಳು’ ಎಂದು ಹಿಗ್ಗಿದ ಅದೇ ಅಜ್ಜಿ, ಸೀತಾಳ ಮಗಳು ಕೋಕಿಲಾ ಹುಟ್ಟಿ ವರ್ಷಗಳು ಕಳೆದರೂ ಮಾತಾಡದೇ ಹೋದಾಗ ಪೂರ್ತಿ ಅತ್ತೆಯಾಗಿಬಿಟ್ಟಳು. “ಗ್ರಾಣದ ಹೊತ್ತಲ್ಲಿ ಸೌತೆಕಾಯಿ ಹೆಚ್ಚಿದಳು ಇವಳು, ಅದಕ್ಕೇ ಮಗು ಹಿಂಗಾಯ್ತು” ಎಂದು, ಬಸುರಿದ್ದಾಗ ಹಿಡಿದ ಗ್ರಹಣದ ದೋಷವನ್ನು ಅವಳ ಮೇಲೆ ಹೊರಿಸಿ, ನೆಂಟರಿಷ್ಟರ ಮುಂದೆಲ್ಲ ಹೇಳಿದಳು. ಆರು ತುಂಬಿದರೂ ಕೋಕಿಲಾಳಿಗೆ ಮಾತಿಲ್ಲ, ಮೈಮೇಲೆ ಪ್ರಜ್ಞೆಯಿಲ್ಲ. ಕುಳಿತಲ್ಲೇ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು. ಮನೆಯವರೆಲ್ಲ ಕಪ್ಪಗಿದ್ದರೆ ಇವಳೊಬ್ಬಳು ಬೆಳ್ಳಗೆ, ತಲೆಗೂದಲು ಮುಸುಕಿನ ಜೋಳದ ಕೂದಲಿನ ಬಣ್ಣ. ಎಷ್ಟು ಮೀಯಿಸಿದರೂ ಮೈಯಲ್ಲಿ ಇಲಿಯ ಗೂಡಿನ ವಾಸನೆ ಹೋಗುತ್ತಿರಲಿಲ್ಲ.

ಇನ್ನು ಉಗ್ರಪ್ಪ. ಹೆಸರು ಉಗ್ರ, ಮನುಷ್ಯ ಮೆದು. ಪಟ್ಟಣದ ಒಂದು ಸಂಶೋಧನಾಲಯದಲ್ಲಿ ವಿಜ್ಞಾನಿ. ಅವನು ಹಿಡಿದಿದ್ದ ವಿಷಯವಾದರೂ ಯಾವುದು! ಕೆಲವು ಮಕ್ಕಳ ಬುದ್ಧಿ ಯಾಕೆ ಬೆಳೆಯುವುದಿಲ್ಲ, ಅದು ವಂಶದಲ್ಲಿ ಹೇಗೆ ಇಳಿದು ಬರುತ್ತದೆ ಎಂಬುದು. ರಜೆಯ ದಿನಗಳಲ್ಲಿ ಹೆಂಡತಿಯನ್ನೂ ಕರೆದುಕೊಂಡು ಕೆಂಗೇರಿ, ನಾಗರಬಾವಿ, ಮಾಗಡಿ ರಸ್ತೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದ. ಗಂಡಸಿಗೆ ಹೇಳದ ಸಂಗತಿಯನ್ನು ತಾಯಂದಿರು ಸೀತಾಳಿಗೆ ಹೇಳುತ್ತಿದ್ದರು. ಅಂಥ ಮಗುವಿರುವ ಮನೆಯಲ್ಲಿ ಉಗ್ರಪ್ಪನ ಮೊದಲ ಪ್ರಶ್ನೆ ಯಾವಾಗಲೂ ಮುದುಕಿಗೆ: “ನಿಮ್ಮನೇಲಿ ಹಿಂದೆ ಇಂಥ ಮಗು ಯಾವುದಾದ್ರೂ ಇತ್ತೇನವ್ವ?” ಆಮೇಲೆ ಮಗುವಿನ ಒದ್ದೆ ಬಟ್ಟೆಯ ಮೇಲೆ ಫೆರಿಕ್ ಕ್ಲೋರೈಡ್ ಎಂಬ ಕಂದು ದ್ರಾವಣದ ಒಂದು ಹನಿ. ಬಹುಪಾಲು ಬಟ್ಟೆಗಳಲ್ಲಿ ಏನೂ ಆಗುತ್ತಿರಲಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಹಸಿರಾಗುತ್ತಿತ್ತು. ಹಸಿರಾದರೆ ಆ ಮಗುವಿನ ಮೈಗೆ ಹಾಲು ಬೇಳೆಯಲ್ಲಿರುವ ಒಂದು ಅಂಶ ಅರಗುವುದಿಲ್ಲ, ಅದೇ ವಿಷವಾಗಿ ಮಿದುಳನ್ನು ಕೆಡಿಸುತ್ತದೆ, ಮತ್ತು ಅದು ಹುಟ್ಟುವಾಗಲೇ ತಾಯಿತಂದೆ ಇಬ್ಬರಿಂದಲೂ ಬಂದದ್ದು ಎಂದು ಅರ್ಥ. ಹಳ್ಳಿಯ ಹುಡುಗರು ಅವನಿಗೆ ‘ಉಚ್ಚೆ ಡಾಕ್ಟ್ರು’ ಎಂದು ಹೆಸರಿಟ್ಟಿದ್ದರು. ಅವನು ನಗುತ್ತಿದ್ದ.

ಆದರೆ ಆ ಬಾಟಲಿಯ ಒಂದು ಹನಿ ಅವನ ಸ್ವಂತ ಮಗಳ ಬಟ್ಟೆಯ ಮೇಲೆ ಬಿದ್ದಿರಲಿಲ್ಲ! ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದ ಹಾಗೆ ಆಗಿತ್ತು ಅವನ ಬಾಳು. ತಾಯಿ ಹೆಂಡತಿಯನ್ನು ಹಂಗಿಸುವಾಗ ಪುಸ್ತಕ ಹಿಡಿದು ಕೂರುತ್ತಿದ್ದ. ತಾಯಿ ಎರಡನೇ ಮದುವೆಯ ಮಾತೆತ್ತಿದಾಗ “ನೋಡೋಣ ಅವ್ವ” ಎಂದ. ಅದನ್ನು ಅವಳು ಒಪ್ಪಿಗೆ ಎಂದು ತಿಳಿದಳು. ಹೊರಗಿನ ಹುಡುಗಿ ಬಂದರೆ ಸೀತಾಳನ್ನು ಮನೆಯಿಂದಲೇ ಓಡಿಸಿಯಾಳು, ಪಂಕಜಾ ಆದರೆ ಅಕ್ಕತಂಗಿ ಹೇಗೋ ಹೊಂದಿಕೊಳ್ಳುತ್ತಾರೆ ಎಂದು ಮುನಿತಾಯಮ್ಮ ಕಣ್ಣೊರೆಸಿಕೊಳ್ಳುತ್ತಲೇ ಹೂಂ ಅಂದಳು. ಇದು ತಪ್ಪು, ಮಹಾ ತಪ್ಪು ಎಂದು ಉಗ್ರಪ್ಪನಿಗೆ ಗೊತ್ತಿತ್ತು. ಯಾಕೆಂದು ಹೇಳಿದರೆ ಮನೆತನದ ಮರ್ಯಾದೆ ಹೋಗುತ್ತದೆ, ಪಂಕಜಾಳನ್ನು ಯಾರೂ ಮದುವೆಯಾಗುವುದಿಲ್ಲ. ಹೇಳದಿದ್ದರೆ... ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಅವನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಾ ವೀಳ್ಯದ ದಿನದವರೆಗೂ ತಳ್ಳಿಕೊಂಡು ಬಂದಿದ್ದ.

ನಾಗರಬಾವಿಯ ಗಾಡಿ ಬಂತು. ಕೆಂಚಪ್ಪ ಹೊಸ ಪಂಚೆಯುಟ್ಟು ಇಳಿದ. ಮುನಿತಾಯಮ್ಮ ತಲೆ ತಗ್ಗಿಸಿಕೊಂಡು ಬಂದಳು. ಪಂಕಜಾ ಯಾರಿಗೂ ಮುಖ ಕೊಡದೆ ನೇರವಾಗಿ ಅಡುಗೆಮನೆಗೆ ಓಡಿ ಅಕ್ಕನ ಸೊಂಟ ತಬ್ಬಿಕೊಂಡಳು.

“ಅಕ್ಕಾ... ನಾನು ಒಲ್ಲೆ ಅಂದೆ ಕಣಕ್ಕ. ಅಪ್ಪ ಹೊಡೆದ್ರು. ಅವ್ವ ಕಾಲಿಗೆ ಬಿದ್ಲು. ನಿನ್ನ ಗಂಡನ್ನ ನಾನು ಹೆಂಗಕ್ಕ...”

“ಅಳಬೇಡ ಪಂಕ. ನನ್ನ ವಿಷ್ಯ ಬಿಡು,” ಎಂದಳು ಸೀತಾ, ತಂಗಿಯ ತಲೆ ಸವರುತ್ತಾ.

“ನಿನ್ನ ವಿಷ್ಯ ಹೆಂಗೆ ಬಿಡ್ಲಿ? ನಾನು ಬಂದ್ರೆ ಅಜ್ಜಿ ಕೋಕೀನ ಏನು ಮಾಡ್ತಾರೋ... ಅಕ್ಕ, ನಂಗೂ ಇಂಥದ್ದೇ ಮಗು ಹುಟ್ಟಿದ್ರೆ?”

ಆ ಮಾತಿಗೆ ಸೀತಾ ಬೆಚ್ಚಿದಳು. ಹುಡುಗಿ ಏನೂ ಅರಿಯದೆ ಆಡಿದ ಮಾತು. ಆದರೆ ಗಂಡನ ಜೊತೆ ಹಳ್ಳಿ ಹಳ್ಳಿ ತಿರುಗಿದ ಸೀತಾಳಿಗೆ ಅದರ ಅರ್ಥ ಗೊತ್ತಿತ್ತು. ತನಗೆ ಸವತಿ ಬಂದರೆ ಬರಲಿ, ಹಿಂದಿನ ಕೋಣೆಯಲ್ಲಿ ಬಿದ್ದಿರುತ್ತೇನೆ ಎಂದು ಅವಳು ಮನಸ್ಸು ಕಲ್ಲು ಮಾಡಿಕೊಂಡಿದ್ದಳು. ತಂಗಿಯ ಹೊಟ್ಟೆಯಲ್ಲೂ ಇನ್ನೊಂದು ಕೋಕಿಲಾ! ಮತ್ತೆ ಅವಳಿಗೂ ಒಂದು ಸೌತೆಕಾಯಿಯ ಕಥೆ! ಅವಳು ಪಾಯಸದ ಪಾತ್ರೆ ಇಳಿಸಿ ಕೈ ತೊಳೆದುಕೊಂಡಳು. ಗಂಡನ ಚೀಲದಿಂದ ಬಾಟಲಿ ತೆಗೆದಳು. ಹಿಂದಿನ ಕೋಣೆಗೆ ಹೋಗಿ ಮಗುವನ್ನು ಸೊಂಟಕ್ಕೇರಿಸಿಕೊಂಡಳು.

ನಡುಮನೆಯಲ್ಲಿ ಲಿಂಗಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅಳಿಯನ ಕಡೆ ಚಾಚಿದ್ದಳು. “ತಗೊಳ್ಳಿ ಅಳಿಯಂದ್ರೇ, ಕೊಟ್ಟ ಮಾತಿಗೆ...” ಎನ್ನುವಷ್ಟರಲ್ಲಿ ಸೀತಾ ಮಗುವಿನೊಡನೆ ಬಂದು ನಡುವೆ ನಿಂತಳು.

“ಒಳಗೆ ಹೋಗೇ ಮೂದೇವಿ!” ಎಂದು ಲಿಂಗಮ್ಮ ಕಿರುಚಿದಳು. “ಏನು ಹೇಳಿದ್ದೆ ನಾನು?”

ಸೀತಾ ಅವಳ ಕಡೆ ನೋಡಲಿಲ್ಲ. ಮಗುವಿನ ಒದ್ದೆ ಬಟ್ಟೆಯನ್ನು ಗಂಡನ ಮುಂದೆ ನೆಲದ ಮೇಲೆ ಹರಡಿ ಪಕ್ಕದಲ್ಲಿ ಬಾಟಲಿ ಇಟ್ಟಳು.

“ಮಾವ, ಊರೋರ ಮಕ್ಕಳಿಗೆಲ್ಲ ಹಾಕ್ತೀರಲ್ಲ, ಒಂದು ಹನಿ ನಮ್ಮ ಮಗಳಿಗೂ ಹಾಕಿ.”

“ಥೂ! ವೀಳ್ಯದ ಮುಂದೆ ಉಚ್ಚೆ ಬಟ್ಟೆ! ಇವಳಿಗೇನು ತಲೆ ಕೆಟ್ಟಿತಾ?” ಎಂದಳು ಲಿಂಗಮ್ಮ.

ಉಗ್ರಪ್ಪನ ಮುಖ ಬಿಳಚಿಕೊಂಡಿತು. ಬಾಟಲಿಯ ಕಡೆ ಕೈ ಚಾಚಿದ. ಎಷ್ಟೋ ಮನೆಗಳಲ್ಲಿ ತಾನೇ ತೆರೆದಿದ್ದ ಮುಚ್ಚಳವನ್ನು ಈಗ ತೆಗೆಯದೆ ಕೈ ಹಿಂದಕ್ಕೆ ಎಳೆದುಕೊಂಡ. ಸೀತಾ ತಾನೇ ಬಾಟಲಿ ತೆಗೆದುಕೊಂಡು, ಗಂಡ ಮಾಡುತ್ತಿದ್ದಂತೆಯೇ, ಬಟ್ಟೆಯ ನಡುವೆ ಒಂದು ಹನಿ ಬಿಟ್ಟಳು. ಎಲ್ಲರೂ ನೋಡುತ್ತಿದ್ದ ಹಾಗೆ ಆ ಕಂದು ಹನಿ ಹರಡಿಕೊಂಡು ಹಸಿರಾಯಿತು... ಕಡು ಹಸಿರು!

“ನಿಮಗೆ ಗೊತ್ತಿತ್ತು ಅಲ್ವಾ?” ಸೀತಾಳ ದನಿ ಏರಲಿಲ್ಲ. ಏರಿಸಲು ಅವಳಲ್ಲಿ ತ್ರಾಣವೇ ಇರಲಿಲ್ಲ.

“...ಗೊತ್ತಿತ್ತು.”

“ಯಾವಾಗಿಂದ?”

“ಎರಡು ವರ್ಷ ಆಯ್ತು. ಮೊದಲನೇ ಸಲ ಆ ಥರದ ಮಗು ಒಂದು ಮನೇಲಿ ಸಿಕ್ತಲ್ಲ... ಅದರ ಮೈಯಲ್ಲೂ ಕೋಕಿ ಮೈ ವಾಸನೆನೇ. ಆಗಲೇ ತಿಳೀತು.”

“ಎರಡು ವರ್ಷ ನಿಮ್ಮವ್ವ ನನ್ನ ಗ್ರಾಣ ಹಿಡಿದೋಳು ಅಂತ ಬೈತಿದ್ರೆ ಕೇಳ್ಕೊಂಡು ಕೂತಿದ್ರಾ ಮಾವ? ಆ ಹಳ್ಳಿ ಹೆಂಗಸರಿಗೆಲ್ಲ ‘ನಿನ್ನ ತಪ್ಪಲ್ಲ ತಾಯಿ’ ಅಂತ ಹೇಳೋರು... ನಂಗೊಬ್ಬಳಿಗೆ ಹೇಳೋಕೆ ಬಾಯಿ ಬರಲಿಲ್ವಾ? ನೀವೇ ಹೇಳ್ಲಿ ಅಂತ ದಿನಾ ಕಾದೆ!”

ಉಗ್ರಪ್ಪ ಮುಖ ಮುಚ್ಚಿಕೊಂಡ. ಬೆಳೆದ ಗಂಡಸು ಅಳುವುದನ್ನು ನೋಡಿ ಅಭ್ಯಾಸವಿಲ್ಲದ ಕೆಂಚಪ್ಪ ಗೋಡೆಯ ಕಡೆ ತಿರುಗಿದ.

“ಏನಿದೆಲ್ಲ? ನಂಗೆ ಅರ್ಥ ಆಗೋ ಹಂಗೆ ಯಾರಾದ್ರೂ ಹೇಳ್ತೀರಾ?” ಎಂದ.

ಉಗ್ರಪ್ಪ ಕಣ್ಣೊರೆಸಿಕೊಂಡ. “ಹೇಳ್ತೀನಿ ಭಾವ. ಅವರೆ ಬಿತ್ತೋವಾಗ ಗುಣಿಗೆ ಎರಡು ಬೀಜ ಯಾಕೆ ಹಾಕ್ತೀರಾ?”

“ಒಂದು ಜೊಳ್ಳಾದ್ರೆ ಇನ್ನೊಂದಾದ್ರೂ ಹುಟ್ಲಿ ಅಂತ.”

“ಮನುಷ್ಯನ ಮೈಯಲ್ಲೂ ಹಂಗೇ. ಒಂದೊಂದು ಗುಣಕ್ಕೂ ಎರಡು ಬೀಜ, ಒಂದು ಅಪ್ಪಂದು, ಒಂದು ಅವ್ವಂದು. ಒಂದು ಜೊಳ್ಳಾದ್ರೂ ಇನ್ನೊಂದು ಕೈ ಹಿಡೀತದೆ, ಯಾರಿಗೂ ಗೊತ್ತಾಗಲ್ಲ. ಎಲ್ಲಾರ ಮನೇಲೂ ಒಂದಲ್ಲ ಒಂದು ಜೊಳ್ಳು ಇದ್ದೇ ಇರ್ತದೆ. ಬೇರೆ ಮನೆ ಹೆಣ್ಣು ತಂದ್ರೆ ಅವರ ಜೊಳ್ಳು ಬೇರೆ, ನಮ್ಮದು ಬೇರೆ. ನಾವು ಅಕ್ಕನ ಮಗಳನ್ನ ತಮ್ಮನಿಗೆ ತರ್ತೀವಿ. ಒಂದೇ ಕಣಜದ ಜೊಳ್ಳು ಎರಡೂ ಕಡೆಯಿಂದ ಬಂದು ಒಂದೇ ಗುಣಿಗೆ ಬೀಳ್ತದೆ. ನನ್ನಲ್ಲಿ ಒಂದಿತ್ತು. ಸೀತಾಳಲ್ಲೂ ಅದೇ ಒಂದಿತ್ತು. ಕೋಕಿಗೆ ಎರಡೂ ಸಿಕ್ತು. ಗ್ರಾಣ ಅಲ್ಲ, ಸೌತೆಕಾಯಿ ಅಲ್ಲ. ಪಂಕಜಾಳಲ್ಲೂ ಅದು ಇರಬಹುದು, ನನ್ನ ಕಟ್ಕೊಂಡ್ರೆ ಇನ್ನೊಂದು ಇಂಥ ಮಗು ಹುಟ್ಟಬಹುದು.”

“ನಮ್ಮನೆ ಹೆಣ್ಣುಮಕ್ಕಳು ಜೊಳ್ಳು ಅಂತೀಯಾ?” ಕೆಂಚಪ್ಪ ಎದ್ದು ನಿಂತ. “ಈ ಮಾತು ಹೊಸಿಲು ದಾಟಿದ್ರೆ ನನ್ನ ಪಂಕಜನ್ನ ಯಾವನು ತಗೊಳ್ತಾನೆ?”

“ಮೊದಲು ನನ್ನ ಹೆಸರು ಹೇಳಿ ಭಾವ. ಉಗ್ರಪ್ಪನ ರಕ್ತ ಕೆಟ್ಟಿದೆ, ಅದಕ್ಕೇ ಅವನಿಗೆ ಕೊಡಲಿಲ್ಲ ಅಂತ ಊರಿಗೆಲ್ಲ ಹೇಳಿ. ಉಚ್ಚೆ ಡಾಕ್ಟ್ರು ಅಂತ ನಗೋ ಜನ ಇನ್ನೊಂದು ಸಲ ನಗ್ಲಿ. ಪಂಕಜನ್ನ ಹೊರಗೆ ಕೊಡಿ, ದೂರದ ಮನೆಗೆ. ಅವಳ ಮಕ್ಕಳು ಚೆನ್ನಾಗಿರ್ತಾರೆ, ನಾನು ಹೇಳ್ತೀನಿ.”

ಬಾಗಿಲ ಹಿಂದೆ ಪಂಕಜಾ ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಮುನಿತಾಯಮ್ಮ ಮಗಳ ಹತ್ತಿರ ಹೋಗಲೆಂದು ಎದ್ದವಳು ಹಾಗೇ ನಿಂತಳು, ಯಾಕೆಂದರೆ ಉಗ್ರಪ್ಪ ತಾಯಿಯ ಮುಂದೆ ಮಂಡಿಯೂರಿ ಕೂತಿದ್ದ.

“ಅವ್ವ, ಇದು ನನ್ನಲ್ಲೂ ಅಕ್ಕನಲ್ಲೂ ಇರಬೇಕಾದ್ರೆ ಮೇಲಿಂದ ಬಂದಿರಬೇಕು. ಕಂಡ ಕಂಡ ಮುದುಕಿಯರನ್ನೆಲ್ಲ ಕೇಳಿದೆ, ನಿನ್ನೊಬ್ಬಳನ್ನ ಕೇಳಲಿಲ್ಲ. ಧೈರ್ಯ ಬರಲಿಲ್ಲ. ಈಗ ಕೇಳ್ತೀನಿ. ನಮ್ಮನೇಲಿ ಹಿಂದೆ ಇಂಥ ಮಗು ಯಾವುದಾದ್ರೂ ಇತ್ತೇನವ್ವ?”

ಲಿಂಗಮ್ಮನ ಕೈಯಲ್ಲಿದ್ದ ತಟ್ಟೆ ವಾಲಿತು. ಎಲೆ ಅಡಿಕೆಯೆಲ್ಲ ನೆಲದ ಪಾಲಾಯಿತು. ಅವಳು ಬಾಯಿ ತೆರೆದಳು, ಬೈಗಳು ಬರುತ್ತದೆಂದು ಎಲ್ಲರೂ ಕಾದರು.

“ಇದ್ದ,” ಎಂದಳು.

ಅವಳು ಕೋಕಿಲಾಳ ಕಡೆ ನೋಡಿದಳು.

“ನಿಮ್ಮಕ್ಕನಿಗಿಂತ ಮೊದಲು. ಬೈರಯ್ಯ ಅಂತ. ಇದೇ ಕೂದಲು. ಇದೇ ಬಣ್ಣ...”

“ಕೊಟ್ಟಿಗೇಲಿ ಯಾರೋ ಊಳಿಡೋರು ಅವ್ವ,” ಎಂದಳು ಮುನಿತಾಯಮ್ಮ. “ನಾನು ಸಣ್ಣೋಳು. ನೀನು ದೆವ್ವ ಅಂದಿದ್ದೆ.”

“ನಮ್ಮತ್ತೆ ಹಂಗೆ ಹೇಳು ಅಂದ್ರು. ಅತ್ತೆ ಅಂದ್ರೆ ಯಾರು? ನನ್ನ ಅವ್ವನ ಅವ್ವ! ನನ್ನನ್ನೂ ಸೋದರಮಾವನಿಗೇ ತಾನೇ ಕೊಟ್ಟಿದ್ದು. ಬೈರನ ಬಸುರೀಲಿ ಗ್ರಾಣ ಹಿಡೀತು. ಒಳಗೆ ಹಾಕಿ ಬಾಗಿಲು ಮುಚ್ಚಿದ್ರು, ನೀರೂ ಕುಡೀಬೇಡ ಅಂದ್ರು. ಹೊಟ್ಟೆ ಹಸಿವು ಕಣೋ... ಬಸುರಿ ಹಸಿವು... ಕತ್ತಲಲ್ಲಿ ಮಡಕೆಗೆ ಕೈ ಹಾಕಿ ತಂಗಳು ಮುದ್ದೆ ಒಂದು ತುತ್ತು ಕದ್ದು ತಿಂದೆ. ಮಗು ಹಿಂಗಾದಾಗ ಏನು ತಿಂದೆ ಹೇಳು, ಏನು ತಿಂದೆ ಹೇಳು ಅಂತ ಬಡಿದ್ರು. ಹೇಳಿಬಿಟ್ಟೆ! ಅವತ್ತಿಂದ ನನ್ನ ಮಗ ಕೊಟ್ಟಿಗೆ ಸೇರಿದ. ಏಳು ವರ್ಷ ದನದ ಜೊತೆ ಬಿದ್ದಿದ್ದ. ಫಿಟ್ಸು ಬಂದು ಅಲ್ಲೇ ಹೋದ. ಒಂದು ತುತ್ತಿಗೆ ಮಗನ್ನ ತಿಂದೋಳು ನಾನು... ಅಂತ ಇಲ್ಲೀವರ್ಗೂ...”

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮುದುಕಿಗೆ ಅತ್ತೆಯ ಕಾಲ ಬಂದಾಗಲೂ ಸೊಸೆಯ ಕಾಲದ ಹುಣ್ಣು ಮಾಗಿರಲಿಲ್ಲ. ತಾನು ಹೊತ್ತ ಪಾಪವನ್ನು ಇನ್ನೊಬ್ಬಳ ತಲೆಗೂ ಹೊರಿಸದೆ ಅವಳಿಂದ ಇರಲಾಗಲಿಲ್ಲ. ಹಾಗೆಂದು ಅವಳು ಮಾಡಿದ್ದು ಸರಿಯಾಗುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಅವಳನ್ನು ನೋಡಿದವರಿಗೆ ಕೋಪ ಬರುವುದೂ ಸಾಧ್ಯವಿರಲಿಲ್ಲ.

“ಉಗ್ರ,” ಎಂದಳು ಲಿಂಗಮ್ಮ, ಮಗುವಿನ ಹಾಗೆ. “ಹಂಗಾದ್ರೆ ಆ ಮುದ್ದೆ ಅಲ್ವೇನೋ?”

“ಅಲ್ಲವ್ವ.”

“ದೇವರಾಣೆ?”

“ನಾನು ಓದಿದ ಓದಿನಾಣೆ. ಆ ತುತ್ತು ಏನೂ ಮಾಡಲಿಲ್ಲ. ನಿನಗೆ ಹಸಿವಾಗಿತ್ತು, ತಿಂದೆ, ಅಷ್ಟೇ.”

ಲಿಂಗಮ್ಮ ಗೋಡೆಗೊರಗಿ ಕುಸಿದಳು. ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಸುಮ್ಮನೆ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಹಾಗೇ ಸೊಸೆಯ ಕಡೆ ತಿರುಗಿದಳು.

“ಅವತ್ತು ಸೌತೆಕಾಯಿ ಹೆಚ್ಚಿದ್ದು ನಿಜವೇನೇ?”

“ಇಲ್ಲ ಅಜ್ಜಿ. ಅವತ್ತು ನಾನು ಮಲಗೇ ಇದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದೆ. ನೀವು ಕೇಳಲಿಲ್ಲ.”

ಕೆಂಚಪ್ಪ ಊಟಕ್ಕೆ ನಿಲ್ಲಲಿಲ್ಲ. ಗಾಡಿ ಹತ್ತುವಾಗ ಭಾವಮೈದುನನ ಮುಖ ನೋಡಲಿಲ್ಲ, ಆಮೇಲೆ ಬಹಳ ದಿನ ಮಾತೂ ಆಡಲಿಲ್ಲ. ಆದರೆ ಮುಂದಿನ ಸುಗ್ಗಿಯ ಹೊತ್ತಿಗೆ ಮಾಗಡಿಯ ಆಚೆ, ರಕ್ತಸಂಬಂಧವಿಲ್ಲದ ಒಂದು ಮನೆಗೆ ಪಂಕಜಾಳನ್ನು ಕೊಟ್ಟ. ಉಗ್ರಪ್ಪನ ರಕ್ತ ಕೆಟ್ಟದ್ದೆಂದು ಊರಲ್ಲಿ ಧಾರಾಳವಾಗಿಯೇ ಹೇಳಿಕೊಂಡಿದ್ದ. ಕೆಂಗೇರಿಯ ಕಡೆ ಉಗ್ರಪ್ಪನನ್ನು ಮದುವೆ ಮುಂಜಿಗಳಿಗೆ ಕರೆಯುವುದು ಕಡಿಮೆಯಾಯಿತು. ಅವನು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.

ಗಾಡಿ ಹೋದ ಆ ಸಂಜೆ ಸೀತಾ ಒಂದೇ ಮಾತು ಕೇಳಿದ್ದಳು: “ಇದಕ್ಕೆ ಮದ್ದಿಲ್ವಾ ಮಾವ?”

“ಪರದೇಶದಲ್ಲಿ ಹಾಲು ಬೇಳೆ ಬಿಡಿಸಿ ಬೇರೆ ಆಹಾರ ಕೊಟ್ಟು ನೋಡ್ತಾ ಇದಾರಂತೆ. ಹುಟ್ಟಿದ ಕೂಡಲೇ ಶುರು ಮಾಡಬೇಕು. ನಮ್ಮ ಕೋಕಿಗೆ... ತಡವಾಯ್ತು ಸೀತಾ.”

“ಎರಡು ವರ್ಷದ ಹಿಂದೆ ಹೇಳಿದ್ರೆ?”

“ಆಗಲೂ ತಡವೇ.”

ಅವಳು ಅದನ್ನು ನಂಬಿದಳೋ ಇಲ್ಲವೋ ಉಗ್ರಪ್ಪನಿಗೆ ಎಂದೂ ತಿಳಿಯಲಿಲ್ಲ. “ನಮಗೆ ಇವಳೊಬ್ಬಳೇ ಸಾಕು,” ಎಂದು ಹೇಳಿ ಮಗುವಿನ ತಲೆ ಬಾಚತೊಡಗಿದಳು. ಇನ್ನೊಂದು ಮಗುವಿನ ಆಸೆಯನ್ನು ಅವರಿಬ್ಬರೂ ಅಲ್ಲಿಗೇ ಬಿಟ್ಟರು. ಅದರ ಬಗ್ಗೆ ಮತ್ತೆ ಮಾತು ಬರಲಿಲ್ಲ.

ಎಷ್ಟೋ ದಿನಗಳ ಮೇಲೆ, ಒಂದು ಮಧ್ಯಾಹ್ನ, ಉಗ್ರಪ್ಪ ತನ್ನ ಮನೆತನದ ವಂಶವೃಕ್ಷವನ್ನು ಬರೆಯುತ್ತಾ ಕೂತಿದ್ದ. ಹೆಣ್ಣಾದರೆ ಒಂದು ಸೊನ್ನೆ, ಗಂಡಾದರೆ ಒಂದು ಚೌಕ, ರೋಗವಿದ್ದರೆ ಅದಕ್ಕೆ ಕಪ್ಪು. ಲಿಂಗಮ್ಮ ಬಂದು ಪಕ್ಕದಲ್ಲಿ ಕೂತಳು.

“ನನ್ನ ಮಗನ್ನೂ ಬರಕೊಂಡ್ಯಾ?”

“ಹೂಂ ಅವ್ವ. ಇಗೋ, ಇಲ್ಲಿ.” ಅವನು ಒಂದು ಸಣ್ಣ ಕಪ್ಪು ಚೌಕದ ಮೇಲೆ ಬೆರಳಿಟ್ಟ.

ಲಿಂಗಮ್ಮ ಅದನ್ನೇ ಬಗ್ಗಿ ನೋಡಿದಳು. “ಇಷ್ಟೇನಾ?”

“ಇಷ್ಟೇ ಅವ್ವ.”

“ಬೆಲ್ಲ ಅಂದ್ರೆ ಪ್ರಾಣ ಅವನಿಗೆ. ಎತ್ತಿನ ಗೆಜ್ಜೆ ಸದ್ದು ಕೇಳಿದ್ರೆ ನಗೋನು. ಅದಕ್ಕೆಲ್ಲ ಜಾಗ ಇಲ್ವೇನೋ ಇದರಲ್ಲಿ?”

ಅವನ ವಿಜ್ಞಾನದಲ್ಲಿ ಅದಕ್ಕೆ ಜಾಗವಿರಲಿಲ್ಲ. “ಇದೆ ಅವ್ವ. ಹೇಳು, ಬರೀತೀನಿ,” ಎಂದು ಉಗ್ರಪ್ಪ ಬೇರೊಂದು ಹಾಳೆ ತೆಗೆದುಕೊಂಡ.

ಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅವನಿಗೆ ನನ್ನ ಗುರುತು ಸಿಕ್ತಿತ್ತು ಕಣೋ. ಎಲ್ಲಾರೂ ಇಲ್ಲ ಅಂದ್ರು. ಸಿಕ್ತಿತ್ತು. ಅದನ್ನ ಬರಕೋ.”